ಜೋನ್ಸ್ ಎಂಬವರೆಲ್ಲ ಒಂದೇ ಮನೆಯವರೇ?

ಧಾರವಾಡದ ತಾಯಿಯೊಬ್ಬರು ಬರೆದಿದ್ದಾರೆ: 'ಮಗ ವೇಲ್ಸ್‌ನ ಕಾರ್ಡಿಫ್‌ನಲ್ಲಿದ್ದಾನೆ. ಅವನ ಆಫೀಸಿನಲ್ಲಿ ನಾಲ್ವರು ಜೋನ್ಸ್ ಇದ್ದಾರಂತೆ. ಎಲ್ಲರೂ ಒಂದೇ ಮನೆತನದವರೇ?'

ಅಲ್ಲ, ತಾಯಿ. ಜೋನ್ಸ್ ಎಂದರೆ 'ಜಾನ್‌ನ ಮಗ', ಅಷ್ಟೇ. ನಿಮ್ಮ ಕಡೆ ಹೆಸರಿಗೂ ಅಡ್ಡಹೆಸರಿಗೂ ನಡುವೆ ತಂದೆಯ ಹೆಸರು ಬರುತ್ತದಲ್ಲ, ತಲೆಮಾರಿಗೊಮ್ಮೆ ಬದಲಾಗುತ್ತ? ವೇಲ್ಸ್‌ನವರಿಗೆ ಬಹುಕಾಲ ಇದ್ದದ್ದು ಅದೊಂದೇ. ಮಗನೆಂಬುದಕ್ಕೆ ಅವರ ಮಾತು 'ಅಪ್' ಅಥವಾ 'ಅಬ್'. ಅಪ್ ರೀಸ್ ಎಂಬುದೇ ಮುಂದೆ ಪ್ರೈಸ್ ಆಯಿತು, ಅಬ್ ಓವೆನ್ ಬೋವೆನ್ ಆಯಿತು.

1536 ಮತ್ತು 1543ರ ಕಾನೂನುಗಳು ವೇಲ್ಸನ್ನು ಇಂಗ್ಲೆಂಡಿಗೆ ಸೇರಿಸಿದವು. ಕೋರ್ಟು ಕಚೇರಿಗಳಿಗೆ ಇಂಗ್ಲಿಷ್ ಬಂತು, ದಾಖಲೆಯಲ್ಲಿ ಬದಲಾಗದ ಕೊನೆಯ ಹೆಸರು ಬೇಕಾಯಿತು. ಮೊದಲು ಶ್ರೀಮಂತರು ಒಪ್ಪಿದರು. ಕೆಲವು ಹಳ್ಳಿಗಳಲ್ಲಿ ಹಳೆಯ ಪದ್ಧತಿ 19ನೇ ಶತಮಾನದವರೆಗೂ ಉಳಿಯಿತು. ಆ ವೇಳೆಗೆ ಹಳೆಯ ವೆಲ್ಷ್ ಹೆಸರುಗಳು ಹಿಂದೆ ಸರಿದು ಮನೆಮನೆಯಲ್ಲೂ ಜಾನ್, ವಿಲಿಯಂ, ಡೇವಿಡ್ ಇದ್ದರು. ಹೆಸರು ಬದಲಾಗದೆ ನೆಲೆನಿಂತ ಗಳಿಗೆಯಲ್ಲಿ ಯಾರ ಅಪ್ಪ ಜಾನ್ ಆಗಿದ್ದನೋ ಅವರ ಸಂತತಿಯೆಲ್ಲ ಜೋನ್ಸ್. ನನ್ನನ್ನು ಕಾಡುವ ಮಾತೊಂದಿದೆ: ಹಳೆಯ ವೆಲ್ಷ್ ಅಕ್ಷರಮಾಲೆಯಲ್ಲಿ 'ಜೆ' ಅಕ್ಷರವೇ ಇರಲಿಲ್ಲ. ಮನೆಯಲ್ಲಿ ಅಪ್ಪನನ್ನು ಶೋನ್ (ಜಾನ್‌ನ ವೆಲ್ಷ್ ರೂಪ) ಎಂದು ಕರೆಯುತ್ತಿದ್ದವರ ಮೇಲೆ, ತಮ್ಮ ಭಾಷೆಯಲ್ಲಿಲ್ಲದ ಅಕ್ಷರದ ಹೆಸರು ಕೂತುಬಿಟ್ಟಿತು.

ಒಂದೇ ಮನೆಯಲ್ಲಿ ಇದನ್ನು ನೋಡಬಹುದು. ವೇಲ್ಸ್‌ನ ಆಂಗಲ್ಸಿ ದ್ವೀಪದ ರೈತ ಶೋನ್ ಶೋರ್‌ನ ಮಗ, ಅಪ್ಪನ ಹೆಸರಿನಿಂದಲೇ ವಿಲಿಯಂ ಜೋನ್ಸ್ ಆದ. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತಕ್ಕೆ 1706ರಲ್ಲಿ 'ಪೈ' ಚಿಹ್ನೆ ಬಳಸಿದ ಗಣಿತಜ್ಞ ಇವನೇ. 1746ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಇವನ ಮಗನಿಗೂ ವಿಲಿಯಂ ಎಂದೇ ಹೆಸರಿಟ್ಟರು. ಹಳೆಯ ಲೆಕ್ಕದಲ್ಲಿ ಆ ಹುಡುಗ 'ವಿಲಿಯಂನ ಮಗ' ಆಗಬೇಕಿತ್ತು. ಆದರೆ ಜೋನ್ಸ್ ಆಗಿಯೇ ಉಳಿದ. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿ, 1784ರಲ್ಲಿ ಏಷ್ಯಾಟಿಕ್ ಸೊಸೈಟಿ ಕಟ್ಟಿ, ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್‌ಗೂ ನಂಟಿದೆ ಎಂದು ಸಾರಿದವನು ಅವನೇ. ಅಜ್ಜನ ಹೆಸರು ಮೊಮ್ಮಗನ ಅಡ್ಡಹೆಸರಾಗಿ ನಿಂತದ್ದು ಹೀಗೆ.

ಆಮೇಲೆ ಹೆಸರು ಹಡಗು ಹತ್ತಿತು. 1865ರಲ್ಲಿ ಮಿಮೋಸಾ ಹಡಗಿನ ವೆಲ್ಷ್ ಜನ ಅರ್ಜೆಂಟೀನಾದ ಪ್ಯಾಟಗೋನಿಯಾ ತಲುಪಿದರು. ಅಲ್ಲಿನ ಟ್ರೆಲೆವ್ ಪಟ್ಟಣ ಅವರ ಮುಂದಾಳು ಲೂಯಿಸ್ ಜೋನ್ಸ್ ಹೆಸರಿನದು. ನಮ್ಮ ಚಿರಾಪುಂಜಿಗೆ 1841ರಲ್ಲಿ ಬಂದ ವೆಲ್ಷ್ ಪಾದ್ರಿ ಥಾಮಸ್ ಜೋನ್ಸ್ ಖಾಸಿ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುವ ರೂಢಿ ಹಾಕಿದ. ಖಾಸಿ ಅಕ್ಷರಮಾಲೆಯಲ್ಲಿ ಇವತ್ತಿಗೂ 'ಜಿ' ಆದಮೇಲೆ 'ಎನ್‌ಜಿ' ಒಂದೇ ಅಕ್ಷರವಾಗಿ ಬರುತ್ತದೆ, ವೆಲ್ಷ್‌ನಲ್ಲಿರುವ ಹಾಗೆಯೇ.

ಊರ ತುಂಬ ಜೋನ್ಸ್‌ಗಳಾದಾಗ ವೇಲ್ಸ್‌ನವರು ಕಸುಬು ಸೇರಿಸಿ ಕರೆದರು: ಹಾಲಿನ ಜೋನ್ಸ್, ಬ್ರೆಡ್ಡಿನ ಜೋನ್ಸ್. ಮಗನ ಆಫೀಸಿನಲ್ಲಿ ಆ ನಾಲ್ವರನ್ನು ಹೇಗೆ ಗುರುತಿಸುತ್ತಾರೆ? ಕೇಳಿ ಬರೆಯಿರಿ.