ಓದುಗರ ಪ್ರಶ್ನೆ: ಎನ್‌ಐಎಚ್‌ನ ‘ಕೆ’ ಅನುದಾನಕ್ಕೆ ಅರ್ಜಿ ಮತ್ತು ಆಮೇಲಿನ ನಿರ್ವಹಣೆ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ಯುವ ಸಂಶೋಧಕರು ಸ್ವತಂತ್ರವಾಗಿ ನೆಲೆಯೂರಲೆಂದು ಕೊಡುವ ವೃತ್ತಿ ವಿಕಾಸ ಅನುದಾನಗಳನ್ನು ‘ಕೆ’ ಸರಣಿ ಎಂದು ಕರೆಯುತ್ತಾರೆ. ಅಲ್ಲಿನ ಪ್ರಯೋಗಾಲಯಗಳಲ್ಲೂ ಆಸ್ಪತ್ರೆಗಳಲ್ಲೂ ದುಡಿಯುತ್ತಿರುವ ಓದುಗರು ಈ ಬಗ್ಗೆ ಕಳುಹಿಸಿದ ಪ್ರಶ್ನೆಗಳಲ್ಲಿ ಐದನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ. ಹೆಸರು ಪ್ರಕಟಿಸಬಾರದೆಂಬ ಅವರ ಕೋರಿಕೆಯನ್ನು ಪಾಲಿಸಿದ್ದೇವೆ.

ಪ್ರಶ್ನೆ: ನಾನು ಪಿಎಚ್‌.ಡಿ. ಮುಗಿಸಿ ಒಂದು ವರ್ಷ ಯುರೋಪಿನಲ್ಲಿ, ಆನಂತರ ಅಮೆರಿಕದಲ್ಲಿ ಪೋಸ್ಟ್‌ಡಾಕ್ ಆಗಿದ್ದೇನೆ. ಎರಡೂ ಸೇರಿ ಬರುವ ಮಾರ್ಚ್ ಕೊನೆಗೆ ನಾಲ್ಕು ವರ್ಷ ತುಂಬುತ್ತದೆ. ಎಚ್‌-1ಬಿ ವೀಸಾದಲ್ಲಿದ್ದೇನೆ. ಕೆ01 ಮತ್ತು ಕೆ99 ಎರಡರಲ್ಲಿ ಯಾವುದಕ್ಕೆ ಅರ್ಜಿ ಹಾಕಲಿ? ಅಕ್ಟೋಬರ್‌ವರೆಗೆ ಕಾಯಬಹುದೇ? — ಪೋಸ್ಟ್‌ಡಾಕ್ ಸಂಶೋಧಕಿ

ನಿಮ್ಮ ವೀಸಾ ಸ್ಥಿತಿಯೇ ಮೊದಲ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತದೆ. ಕೆ01, ಕೆ08 (ವೈದ್ಯ ವಿಜ್ಞಾನಿಗಳಿಗೆ), ಕೆ23 (ರೋಗಿಗಳನ್ನು ಒಳಗೊಂಡ ಸಂಶೋಧನೆಗೆ) ಮುಂತಾದ ಬಹುತೇಕ ಅನುದಾನಗಳಿಗೆ, ಮಂಜೂರಾಗುವ ಹೊತ್ತಿಗಾದರೂ ಅಭ್ಯರ್ಥಿ ಅಮೆರಿಕದ ಪ್ರಜೆಯೋ ಕಾಯಂ ನಿವಾಸಿಯೋ ಆಗಿರಬೇಕು. ಮೊದಲು ಮಾರ್ಗದರ್ಶಕರ ಬಳಿ ಕೆ99 ಹಂತ, ಆಮೇಲೆ ಸ್ವಂತ ಹುದ್ದೆಯಲ್ಲಿ ಆರ್00 ಹಂತ ಎಂದು ಎರಡು ಭಾಗವಿರುವ ಕೆ99/ಆರ್00 ಗೆ ಆ ನಿರ್ಬಂಧ ಇಲ್ಲ. ಮಾರ್ಗದರ್ಶನದ ಅವಧಿ ಮುಗಿಯುವವರೆಗೆ ಆ ದೇಶದಲ್ಲಿ ಇರಲು ನಿಮ್ಮ ವೀಸಾ ಅವಕಾಶ ಕೊಡಬೇಕು, ಅಷ್ಟೇ. ಹಾಗಾಗಿ ನೀವು ಕೆ99 ಕಡೆಗೇ ಹೋಗಬೇಕು.

ಎರಡನೆಯ ಪ್ರಶ್ನೆಗೆ ಉತ್ತರ, ಕಾಯಬೇಡಿ ಎಂಬುದು. ಕೆ99 ಗೆ ಅರ್ಜಿ ಸಲ್ಲಿಸುವ ದಿನ ನಿಮ್ಮ ಪೋಸ್ಟ್‌ಡಾಕ್ ಅನುಭವ ನಾಲ್ಕು ವರ್ಷ ಮೀರಿರಬಾರದು, ಮತ್ತು ಈ ನಿಯಮ ಮರುಸಲ್ಲಿಕೆಗೂ ಅನ್ವಯಿಸುತ್ತದೆ. ಯುರೋಪಿನಲ್ಲಿ ಕಳೆದ ಒಂದು ವರ್ಷವೂ ಲೆಕ್ಕಕ್ಕೆ ಬರುತ್ತದೆ. ಕೆಲಸ ಮಾಡಿದ ದೇಶ ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಹೊಸ ಅರ್ಜಿಗಳಿಗೆ ವರ್ಷದಲ್ಲಿ ಮೂರು ಕೊನೆಯ ದಿನಗಳಿವೆ: ಫೆಬ್ರವರಿ 12, ಜೂನ್ 12, ಅಕ್ಟೋಬರ್ 12. ಮರುಸಲ್ಲಿಕೆಗೆ ಮಾರ್ಚ್ 12, ಜುಲೈ 12, ನವೆಂಬರ್ 12. ಈಗ ನಿಮ್ಮ ಕ್ಯಾಲೆಂಡರ್ ತೆರೆದು ನೋಡಿ. ಜೂನ್ 12 ಕ್ಕೆ ಅರ್ಜಿ ಹಾಕಿದರೆ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಪರಿಶೀಲನಾ ಸಭೆ ನಡೆಯುತ್ತದೆ, ಡಿಸೆಂಬರ್ ಆಸುಪಾಸಿನಲ್ಲಿ ವಿಮರ್ಶೆಯ ವರದಿ ಕೈಗೆ ಬರುತ್ತದೆ, ಅದು ಅನುಕೂಲಕರವಾಗಿಲ್ಲದಿದ್ದರೆ ಮಾರ್ಚ್ 12 ಕ್ಕೆ ತಿದ್ದಿದ ಅರ್ಜಿಯನ್ನು, ನಾಲ್ಕು ವರ್ಷದ ಮಿತಿಗೆ ಎರಡೂವರೆ ವಾರ ಉಳಿದಿರುವಂತೆ, ಮತ್ತೆ ಸಲ್ಲಿಸಬಹುದು. ಅಕ್ಟೋಬರ್‌ನಲ್ಲಿ ಹಾಕಿದರೆ ಮರುಸಲ್ಲಿಕೆ ಜುಲೈಗೆ ಹೋಗುತ್ತದೆ, ಅಷ್ಟರಲ್ಲಿ ನಿಮ್ಮ ಅರ್ಹತೆಯೇ ಮುಗಿದಿರುತ್ತದೆ. ಕೆ99 ಪಡೆದವರಲ್ಲಿ ಎಷ್ಟೋ ಮಂದಿಗೆ ಅದು ಸಿಕ್ಕಿರುವುದು ಎರಡನೆಯ ಸಲಕ್ಕೆ. ಒಂದೇ ಅವಕಾಶ ಉಳಿಯುವಂತೆ ಯೋಜನೆ ಹಾಕಿಕೊಳ್ಳುವುದು ಜಾಣತನವಲ್ಲ. ಈ ನಾಲ್ಕು ವರ್ಷಗಳ ನಡುವೆ ಹೆರಿಗೆ, ಗಂಭೀರ ಅನಾರೋಗ್ಯ, ಕುಟುಂಬದವರ ಆರೈಕೆ ಇತ್ಯಾದಿ ಕಾರಣಕ್ಕೆ ಕೆಲಸಕ್ಕೆ ಅಡ್ಡಿಯಾಗಿದ್ದರೆ ಗಡುವಿನ ವಿಸ್ತರಣೆಯನ್ನು ಕೇಳುವ ಹಕ್ಕು ನಿಮಗಿದೆ. ಆದರೆ ಅದನ್ನು ಅರ್ಜಿಗೆ ಮೊದಲೇ ಪ್ರೋಗ್ರಾಮ್ ಆಫೀಸರ್ (ಅನುದಾನಗಳನ್ನು ನೋಡಿಕೊಳ್ಳುವ ಎನ್‌ಐಎಚ್ ಅಧಿಕಾರಿ) ಜೊತೆ ಮಾತಾಡಿ ಇತ್ಯರ್ಥ ಮಾಡಿಕೊಳ್ಳಿ.

ಇನ್ನೊಂದು ಮಾತು. ಎನ್‌ಐಎಚ್‌ನಲ್ಲಿ 27 ಸಂಸ್ಥೆಗಳು ಮತ್ತು ಕೇಂದ್ರಗಳಿವೆ, ಒಂದೊಂದಕ್ಕೂ ತನ್ನದೇ ಷರತ್ತುಗಳು, ತನ್ನದೇ ಸಂಬಳ ಮಿತಿ. ನೀವು ಯಾವ ಸಂಸ್ಥೆಯ ಹಣ ನಿರೀಕ್ಷಿಸುತ್ತೀರೋ ಅದರ ಪ್ರೋಗ್ರಾಮ್ ಆಫೀಸರ್‌ಗೆ ನಿಮ್ಮ ಸಂಶೋಧನೆಯ ನಿರ್ದಿಷ್ಟ ಗುರಿಗಳನ್ನು ಒಂದು ಪುಟದಲ್ಲಿ ಬರೆದು ಕಳುಹಿಸಿ, ಫೋನಿನಲ್ಲಿ ಅರ್ಧ ಗಂಟೆ ಕೇಳಿ. ಚಿಕಿತ್ಸಾ ಪ್ರಯೋಗವನ್ನು ಒಳಗೊಂಡ ಅರ್ಜಿಗಳಿಗೂ ಒಳಗೊಳ್ಳದವುಗಳಿಗೂ ಅರ್ಜಿ ಆಹ್ವಾನದ ಪ್ರಕಟಣೆಗಳು ಬೇರೆ ಬೇರೆ ಇವೆ. ತಪ್ಪು ಪ್ರಕಟಣೆಗೆ ಹಾಕಿದ ಅರ್ಜಿ ಓದುವವರ ಕೈಗೇ ಹೋಗದೆ ಹಿಂದಿರುಗುತ್ತದೆ.

ಪ್ರಶ್ನೆ: ನಾನು ಮಕ್ಕಳ ಮೂತ್ರಪಿಂಡ ತಜ್ಞ. ಮೂತ್ರಪಿಂಡದ ನಾರುಗಟ್ಟುವಿಕೆಯ ಬಗ್ಗೆ ಕೆ08 ಅರ್ಜಿ ಹಾಕಿದ್ದೆ. ಸಂಶೋಧನಾ ಯೋಜನೆಗೆ ಒಳ್ಳೆಯ ಅಂಕ ಬಂತು, ವೃತ್ತಿ ವಿಕಾಸ ಯೋಜನೆಗೆ ಮಾತ್ರ 5 ಕೊಟ್ಟು ‘ಸಾಮಾನ್ಯ ಸ್ವರೂಪದ್ದು’ ಎಂದು ಬರೆದಿದ್ದಾರೆ. ವಿಜ್ಞಾನ ಚೆನ್ನಾಗಿದ್ದರೆ ಸಾಲದೇ? — ವೈದ್ಯ ಸಂಶೋಧಕ

ಸಾಲದು. ಈ ಅನುದಾನದ ಅರ್ಜಿಗಳಲ್ಲಿ ಅತಿ ಹೆಚ್ಚಾಗಿ ಕಾಣುವ ತಪ್ಪು ತಿಳಿವಳಿಕೆ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸ್ವತಂತ್ರ ಸಂಶೋಧಕರಿಗೆ ಕೊಡುವ ಆರ್01 ಅನುದಾನದಲ್ಲಿ ಎನ್‌ಐಎಚ್ ಒಂದು ಸಂಶೋಧನಾ ಯೋಜನೆಗೆ ಹಣ ಹೂಡುತ್ತದೆ. ಕೆ ಅನುದಾನದಲ್ಲಿ ಒಬ್ಬ ವ್ಯಕ್ತಿ ಇನ್ನು ಐದು ವರ್ಷಕ್ಕೆ ಏನಾಗುತ್ತಾನೆ ಎಂಬುದಕ್ಕೆ ಹೂಡುತ್ತದೆ. ಪರಿಶೀಲಕರು ಐದು ವಿಷಯಗಳಿಗೆ 1 ರಿಂದ 9 ರವರೆಗೆ ಪ್ರತ್ಯೇಕವಾಗಿ ಅಂಕ ಕೊಡುತ್ತಾರೆ: ಅಭ್ಯರ್ಥಿ, ವೃತ್ತಿ ವಿಕಾಸ ಯೋಜನೆ, ಸಂಶೋಧನಾ ಯೋಜನೆ, ಮಾರ್ಗದರ್ಶಕರು, ಸಂಸ್ಥೆಯ ವಾತಾವರಣ ಮತ್ತು ಬದ್ಧತೆ. ಇಲ್ಲಿ ಕಡಿಮೆ ಅಂಕವೇ ಒಳ್ಳೆಯದು. ಈ ಐದರಲ್ಲಿ ವಿಜ್ಞಾನದ್ದು ಒಂದು ಪಾಲು ಮಾತ್ರ. ಅಭ್ಯರ್ಥಿಯ ವಿವರ, ವೃತ್ತಿ ಗುರಿಗಳು ಮತ್ತು ಸಂಶೋಧನಾ ಕಾರ್ಯತಂತ್ರ ಎಲ್ಲಕ್ಕೂ ಸೇರಿ ಸಿಗುವುದು 12 ಪುಟ. ಅದರಲ್ಲಿ ಹತ್ತನ್ನು ಪ್ರಯೋಗಗಳಿಗೇ ಕೊಟ್ಟು ಉಳಿದ ಎರಡರಲ್ಲಿ ತರಬೇತಿಯನ್ನು ತುರುಕಿದವರಿಗೆ ನಿಮಗೆ ಬಂದಂತಹ ಟಿಪ್ಪಣಿಯೇ ಬರುತ್ತದೆ.

ನೀವು ಕಳುಹಿಸಿದ ಪುಟದಲ್ಲಿ ಹೀಗಿದೆ: ‘ವಾರಕ್ಕೊಮ್ಮೆ ನಡೆಯುವ ವಿಚಾರ ಸಂಕಿರಣಗಳಲ್ಲಿ ಭಾಗವಹಿಸುತ್ತೇನೆ, ಜೈವಿಕ ಮಾಹಿತಿ ವಿಜ್ಞಾನದ ಕೋರ್ಸ್ ಮಾಡುತ್ತೇನೆ, ವರ್ಷಕ್ಕೊಂದು ಸಮ್ಮೇಳನಕ್ಕೆ ಹೋಗುತ್ತೇನೆ.’ ಇದನ್ನು ಅದೇ ವಿಭಾಗದ ಯಾರ ಅರ್ಜಿಗೆ ಬೇಕಾದರೂ ಅಂಟಿಸಬಹುದು. ‘ಸಾಮಾನ್ಯ ಸ್ವರೂಪದ್ದು’ ಎಂದರೆ ಅಷ್ಟೇ. ನಿಮ್ಮ ಎರಡನೆಯ ಗುರಿ ಒಂದೊಂದೇ ಜೀವಕೋಶದ ಆರ್‌ಎನ್‌ಎ ಅನುಕ್ರಮಣಿಕೆಯ ದತ್ತಾಂಶದ ಮೇಲೆ ನಿಂತಿದೆ, ಆದರೆ ಈ ದತ್ತಾಂಶದ ವಿಶ್ಲೇಷಣೆಯನ್ನು ಇದುವರೆಗೆ ಬೇರೆಯವರು ಮಾಡಿಕೊಟ್ಟಿದ್ದಾರೆಂದು ನಿಮ್ಮ ಪ್ರಕಟಿತ ಲೇಖನಗಳೇ ಹೇಳುತ್ತವೆ. ಕೊರತೆ ಅಲ್ಲಿದೆ, ಅದನ್ನು ಮುಚ್ಚಿಡದೆ ಬರೆಯಿರಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಇಲಿಗಳ ಮಾದರಿಯಲ್ಲೂ ಅಂಗಾಂಶ ಪರೀಕ್ಷೆಯಲ್ಲೂ ನನಗೆ ಸ್ವತಂತ್ರ ಪರಿಣತಿ ಇದೆ, ಏಕಕೋಶ ದತ್ತಾಂಶವನ್ನು ನಾನೇ ವಿಶ್ಲೇಷಿಸಬಲ್ಲೆನೆಂದು ಹೇಳಲಾರೆ. ಮೊದಲ ವರ್ಷ ಸಂಖ್ಯಾಶಾಸ್ತ್ರದ ಎರಡು ಕೋರ್ಸ್ ಮುಗಿಸಿ, ಸಹ ಮಾರ್ಗದರ್ಶಕರ ಪ್ರಯೋಗಾಲಯದಲ್ಲಿ ವಾರಕ್ಕೆ ಅರ್ಧ ದಿನ ಕುಳಿತು ಈಗಾಗಲೇ ಪ್ರಕಟವಾದ ದತ್ತಾಂಶವನ್ನು ಮರುವಿಶ್ಲೇಷಿಸುತ್ತೇನೆ. ಎರಡನೆಯ ವರ್ಷದ ಕೊನೆಗೆ ಎರಡನೆಯ ಗುರಿಯ ಮೊದಲ ಮಾದರಿಗಳನ್ನು ನಾನೇ ವಿಶ್ಲೇಷಿಸಿ ಲೇಖನ ಸಲ್ಲಿಸುತ್ತೇನೆ.’ ಇಲ್ಲಿ ಕಲಿಕೆಗೂ ಪ್ರಯೋಗಕ್ಕೂ ಗಂಟು ಬಿದ್ದಿದೆ. ಕೋರ್ಸ್ ಯಾಕೆ ಬೇಕು, ಯಾರು ಕಲಿಸುತ್ತಾರೆ, ಕಲಿತದ್ದಕ್ಕೆ ಸಾಕ್ಷಿ ಏನು ಎಂದು ಪರಿಶೀಲಕರು ಹುಡುಕಬೇಕಾಗಿಲ್ಲ.

ಈ ಸರಪಳಿಯ ಕೊನೆಯ ಕೊಂಡಿ ಆರ್01 ಅರ್ಜಿ. ಅದನ್ನು ಐದನೆಯ ವರ್ಷದಲ್ಲಿ ತೋರಿಸಿದ್ದೀರಿ, ಅದು ತಡವಾಯಿತು. ಒಂದು ಅರ್ಜಿ ಸಲ್ಲಿಕೆಯಾಗಿ ಹಣ ಬರುವುದಕ್ಕೆ ಎಲ್ಲವೂ ಸರಿಯಾಗಿ ನಡೆದರೂ ಒಂಬತ್ತು ಹತ್ತು ತಿಂಗಳು ಬೇಕು, ಮರುಸಲ್ಲಿಕೆಯಾದರೆ ಇನ್ನೂ ಹೆಚ್ಚು. ಆರ್01 ಅನ್ನು ನಾಲ್ಕನೆಯ ವರ್ಷದ ಮೊದಲರ್ಧಕ್ಕೆ ತಂದುಕೊಳ್ಳಿ.

ಮರುಸಲ್ಲಿಕೆ ಒಂದೇ ಸಲ, ಮೊದಲ ಅರ್ಜಿಯಿಂದ 37 ತಿಂಗಳೊಳಗೆ ಆಗಬೇಕು; ಅದೂ ಫಲಿಸದಿದ್ದರೆ ಅದೇ ವಿಷಯವನ್ನು ಹೊಸ ಅರ್ಜಿಯಾಗಿ ಮತ್ತೆ ಹಾಕಲು ಅಡ್ಡಿಯಿಲ್ಲ. ಮರುಸಲ್ಲಿಕೆಗೆ ಒಂದು ಪುಟದ ಪೀಠಿಕೆ ಇರುತ್ತದೆ. ಪರಿಶೀಲಕರ ಜೊತೆ ವಾದಕ್ಕಿಳಿಯಲು ಅದನ್ನು ಬಳಸಬೇಡಿ. ಒಪ್ಪಿದ್ದನ್ನು ಎಲ್ಲಿ ತಿದ್ದಿದ್ದೀರಿ ಎಂದು ತೋರಿಸಿ, ಒಪ್ಪದಿದ್ದುದಕ್ಕೆ ಒಂದೆರಡು ವಾಕ್ಯದ ಕಾರಣ ಕೊಡಿ. ಮೂರನೆಯ ಪರಿಶೀಲಕರು ನಿಮ್ಮ ಅರ್ಜಿಯನ್ನು ಸರಿಯಾಗಿ ಓದಿಲ್ಲವೆಂದು ಪತ್ರದಲ್ಲಿ ಬರೆದಿದ್ದೀರಿ. ಇರಬಹುದು, ಆದರೆ ಓದಿಸಿಕೊಳ್ಳುವ ಹಾಗೆ ಬರೆಯುವ ಹೊಣೆ ಅರ್ಜಿದಾರರದ್ದೇ.

ಪ್ರಶ್ನೆ: ನನ್ನ ಮೆಂಟರ್ ಬರೆಯುವ ಪತ್ರವನ್ನು ಮೂರು ಶಿಫಾರಸು ಪತ್ರಗಳಲ್ಲಿ ಒಂದೆಂದು ಎಣಿಸಬಹುದೇ? — ಸಹಾಯಕ ಪ್ರಾಧ್ಯಾಪಕಿ

ಎಣಿಸಲಾಗದು. ಶಿಫಾರಸು ಪತ್ರಗಳು ಕನಿಷ್ಠ ಮೂರು, ಗರಿಷ್ಠ ಐದು, ಬರೆಯುವವರು ಈ ಅರ್ಜಿಯಲ್ಲಿ ಪಾತ್ರವಿಲ್ಲದವರಾಗಿರಬೇಕು. ಮಾರ್ಗದರ್ಶಕರ ಮತ್ತು ಸಹ ಮಾರ್ಗದರ್ಶಕರ ಹೇಳಿಕೆಗಳಿಗೆ ಅರ್ಜಿಯೊಳಗೇ ಪ್ರತ್ಯೇಕ ಜಾಗವಿದೆ, ಎಲ್ಲವೂ ಸೇರಿ ಆರು ಪುಟ ಮೀರುವಂತಿಲ್ಲ. ಶಿಫಾರಸು ಪತ್ರಗಳನ್ನು ಬರೆದವರೇ ನೇರವಾಗಿ ಎನ್‌ಐಎಚ್‌ನ ಇಆರ್‌ಎ ಕಾಮನ್ಸ್ ಜಾಲತಾಣದ ಮೂಲಕ ಅರ್ಜಿಯ ಕೊನೆಯ ದಿನದೊಳಗೇ ಸಲ್ಲಿಸಬೇಕು. ಪತ್ರ ಬಂತೋ ಇಲ್ಲವೋ ಎಂಬುದಷ್ಟೇ ನಿಮಗೆ ಕಾಣುತ್ತದೆ, ಒಳಗೇನಿದೆ ಎಂಬುದಲ್ಲ. ದೊಡ್ಡ ಹೆಸರಿನವರ ನಾಲ್ಕು ಸಾಲಿನ ಪತ್ರಕ್ಕಿಂತ ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡವರ ಒಂದು ಪುಟ ಎಷ್ಟೋ ಮೇಲು.

ಮೆಂಟರ್ ಹೇಳಿಕೆಯಲ್ಲಿ ಹೊಗಳಿಕೆಗಿಂತ ಮುಖ್ಯವಾದ ಒಂದು ವಾಕ್ಯವಿದೆ, ಅದನ್ನು ಕೇಳಿ ಬರೆಸಿಕೊಳ್ಳಿ: ಈ ಸಂಶೋಧನೆಯ ಯಾವ ಭಾಗವನ್ನು ನೀವು ನಿಮ್ಮದಾಗಿ ಹೊತ್ತುಕೊಂಡು ಹೋಗಬಹುದು, ಯಾವುದರಲ್ಲಿ ಅವರ ಪ್ರಯೋಗಾಲಯ ನಿಮಗೆ ಪೈಪೋಟಿ ಕೊಡುವುದಿಲ್ಲ ಎಂಬುದು.

ಪ್ರಶ್ನೆ: ನನಗೆ ಕೆ23 ಬಂದು ಎರಡನೆಯ ವರ್ಷ. ಸಂಸ್ಥೆ ನನ್ನ ಸಂಬಳಕ್ಕೆ ತನ್ನ ಕೈಯಿಂದ ಪೂರಕ ಹಣ ಸೇರಿಸುತ್ತಿದೆ, ಅದಕ್ಕಾಗಿ ವಾರಕ್ಕೆ ಇನ್ನೊಂದು ದಿನ ಹೊರರೋಗಿ ವಿಭಾಗ ನೋಡಿಕೊಳ್ಳಿ ಎಂದು ವಿಭಾಗದ ಮುಖ್ಯಸ್ಥರು ಕೇಳುತ್ತಿದ್ದಾರೆ. ಈಗಾಗಲೇ ಒಂದು ದಿನ ನೋಡುತ್ತಿದ್ದೇನೆ. ಇಲ್ಲ ಎನ್ನುವುದು ಹೇಗೆ? — ಆಂತರಿಕ ವೈದ್ಯಶಾಸ್ತ್ರ ವಿಭಾಗದ ವೈದ್ಯೆ

ನಿಯಮದ ಬಲದಿಂದಲೇ ಇಲ್ಲ ಎನ್ನಬಹುದು, ಮತ್ತು ಅದನ್ನು ವೈಯಕ್ತಿಕ ನಿರಾಕರಣೆಯಂತೆ ಕಾಣದ ಹಾಗೆ ಹೇಳಬಹುದು. ಕೆ23 ಪಡೆದವರು ತಮ್ಮ ಪೂರ್ಣಾವಧಿ ವೃತ್ತಿಶ್ರಮದ ಕನಿಷ್ಠ 75 ಶೇಕಡಾವನ್ನು, ಅಂದರೆ ವರ್ಷದಲ್ಲಿ ಒಂಬತ್ತು ವ್ಯಕ್ತಿ-ತಿಂಗಳನ್ನು, ಸಂಶೋಧನೆ ಮತ್ತು ವೃತ್ತಿ ವಿಕಾಸಕ್ಕೆ ಮೀಸಲಿಡಬೇಕು. ಕೆಲವು ಶಸ್ತ್ರಚಿಕಿತ್ಸಾ ವಿಭಾಗಗಳಿಗೆ ಮಾತ್ರ ಇದು 50 ಶೇಕಡಾಕ್ಕೆ ಇಳಿಯುತ್ತದೆ, ನಿಮ್ಮ ವಿಭಾಗಕ್ಕೆ ಆ ಸಡಿಲಿಕೆ ಇಲ್ಲ. ಐದು ದಿನಗಳ ವಾರದಲ್ಲಿ ಎರಡು ದಿನ ಹೊರರೋಗಿ ವಿಭಾಗ ಎಂದರೆ 40 ಶೇಕಡಾ ಅಲ್ಲೇ ಹೋಯಿತು; ಟಿಪ್ಪಣಿ ಬರೆಯುವುದು, ರೋಗಿಗಳ ಸಂದೇಶಗಳಿಗೆ ಉತ್ತರಿಸುವುದು, ವಾರ್ಡ್ ಕರ್ತವ್ಯ ಇವುಗಳ ಲೆಕ್ಕ ಬೇರೆ. ಎನ್‌ಐಎಚ್‌ನ ಮುಂಚಿತ ಒಪ್ಪಿಗೆಯಿಲ್ಲದೆ ಈ ಪ್ರಮಾಣವನ್ನು ಇಳಿಸುವುದು ನಿಮ್ಮ ಕೈಯಲ್ಲೂ ಇಲ್ಲ, ಮುಖ್ಯಸ್ಥರ ಕೈಯಲ್ಲೂ ಇಲ್ಲ.

ಪೂರಕ ಸಂಬಳದ ವಿಷಯಕ್ಕೆ ನಿಯಮ ಇನ್ನೂ ಸ್ಪಷ್ಟವಾಗಿದೆ. ಎನ್‌ಐಎಚ್ ಕೊಡುವ ಸಂಬಳದ ಪಾಲು ವೈದ್ಯರ ನಿಜವಾದ ಸಂಬಳಕ್ಕಿಂತ ಕಡಿಮೆಯಿರುವುದರಿಂದ ವ್ಯತ್ಯಾಸವನ್ನು ಸಂಸ್ಥೆ ತುಂಬಿಕೊಡಬಹುದು. ಆದರೆ ಆ ಪೂರಕಕ್ಕೆ ಪ್ರತಿಯಾಗಿ ಅನುದಾನದ ಉದ್ದೇಶಕ್ಕೆ ಅಡ್ಡಬರುವ ಹೆಚ್ಚುವರಿ ಕೆಲಸ ಹೊರಿಸುವಂತಿಲ್ಲ. ನಿಮ್ಮ ಮುಖ್ಯಸ್ಥರು ಕೇಳುತ್ತಿರುವುದು ಅದನ್ನೇ.

ಅರ್ಜಿಯ ಜೊತೆ ಸಂಸ್ಥೆಯ ಬದ್ಧತೆಯ ಪತ್ರವೊಂದು ಹೋಗಿರುತ್ತದೆ. ಅದನ್ನು ಹುಡುಕಿ ತೆಗೆದು, ಮೊದಲು ನಿಮ್ಮ ಮೆಂಟರ್‌ಗೆ ತೋರಿಸಿ, ಆಮೇಲೆ ಇಬ್ಬರೂ ಸೇರಿ ಮುಖ್ಯಸ್ಥರನ್ನು ಭೇಟಿಯಾಗಿ. ‘ಸರ್, ಈ ಪತ್ರದಲ್ಲಿ ಸಂಸ್ಥೆ ಒಪ್ಪಿಕೊಂಡಿರುವ ಸಮಯಕ್ಕೆ ಇದು ಹೊಂದುವುದಿಲ್ಲ, ಅನುದಾನ ಕಚೇರಿಯವರ ಅಭಿಪ್ರಾಯ ಕೇಳೋಣವೇ?’ ಎಂದರೆ ಮಾತು ಅಲ್ಲಿಗೆ ಮುಗಿಯುವ ಸಾಧ್ಯತೆಯೇ ಹೆಚ್ಚು. ಒಂದು ದಿನವಷ್ಟೇ ತಾನೇ ಎಂದು ಒಪ್ಪಿಕೊಂಡವರ ಸಂಶೋಧನೆ ರಾತ್ರಿಗೂ ಭಾನುವಾರಕ್ಕೂ ಸರಿದುಹೋಗುತ್ತದೆ. ಈ ಅನುದಾನದಲ್ಲಿ ಹಣಕ್ಕಿಂತ ಬೆಲೆಬಾಳುವುದು ಆ ಮೀಸಲು ಸಮಯವೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಸಂಶೋಧನಾ ವೆಚ್ಚಕ್ಕೆಂದು ಸಿಗುವ ಮೊತ್ತ ಹೇಗೂ ಚಿಕ್ಕದು, ಕಟ್ಟಡ, ಆಡಳಿತದಂಥ ಖರ್ಚಿಗೆಂದು ಸಂಸ್ಥೆಗೆ ಹೋಗುವ ಪರೋಕ್ಷ ವೆಚ್ಚವೂ 8 ಶೇಕಡಾ ಮಾತ್ರ.

ಸಮಯವನ್ನು ಇಳಿಸಿಕೊಳ್ಳಲು ಒಂದು ನ್ಯಾಯವಾದ ದಾರಿಯೂ ಇದೆ: ಕೊನೆಯ ಎರಡು ವರ್ಷಗಳಲ್ಲಿ ನಿಮಗೆ ಮುಖ್ಯ ಸಂಶೋಧಕರಾಗಿ ಆರ್01 ರಂತಹ ಅನುದಾನ ಬಂದರೆ, ಒಪ್ಪಿಗೆ ಪಡೆದು ಕೆ23 ರ ಪಾಲನ್ನು 50 ಶೇಕಡಾದವರೆಗೆ ಇಳಿಸಿ ಉಳಿದದ್ದನ್ನು ಹೊಸ ಅನುದಾನಕ್ಕೆ ಕೊಡಬಹುದು.

ವಾರ್ಷಿಕ ಪ್ರಗತಿ ವರದಿಯನ್ನು ಸಾಮಾನ್ಯವಾಗಿ ಮುಂದಿನ ಬಜೆಟ್ ವರ್ಷ ಆರಂಭವಾಗುವುದಕ್ಕೆ 45 ದಿನ ಮುಂಚೆ ಸಲ್ಲಿಸಬೇಕು, ಅದರೊಂದಿಗೆ ಮೆಂಟರ್ ವರದಿಯೂ ಹೋಗಬೇಕು. ಅನುದಾನದಿಂದ ಹೊರಬಂದ ಲೇಖನಗಳು ಪಬ್‌ಮೆಡ್ ಸೆಂಟ್ರಲ್ ಎಂಬ ಉಚಿತ ಲೇಖನ ಭಂಡಾರದಲ್ಲಿ ಸೇರಿವೆಯೇ ಎಂದು ಅದಕ್ಕೂ ಒಂದು ತಿಂಗಳು ಮೊದಲೇ ನೋಡಿಕೊಳ್ಳಿ. ಅದೊಂದು ಬಾಕಿಯಿದ್ದರೂ ಮುಂದಿನ ವರ್ಷದ ಹಣ ತಡೆದು ನಿಲ್ಲಬಹುದು.

ಪ್ರಶ್ನೆ: ಕೆ99 ನಡೆಯುತ್ತಿದೆ, ಒಂದು ವಿಶ್ವವಿದ್ಯಾಲಯದಿಂದ ಟೆನ್ಯೂರ್ ಟ್ರ್ಯಾಕ್ (ಮುಂದೆ ಕಾಯಂ ಆಗಬಲ್ಲ) ಹುದ್ದೆಯ ಆಹ್ವಾನ ಬಂದಿದೆ. ‘ನಿಮಗೆ ಆರ್00 ಹಣ ಹೇಗೂ ಇದೆಯಲ್ಲ’ ಎಂದು, ಪ್ರಯೋಗಾಲಯ ಕಟ್ಟಲು ಕೊಡುವ ಆರಂಭಿಕ ನಿಧಿಯನ್ನು ಕಡಿಮೆ ಮಾಡುತ್ತಿದ್ದಾರೆ. ಒಪ್ಪಲೇ? — ಪೋಸ್ಟ್‌ಡಾಕ್

ಒಪ್ಪಬೇಡಿ. ಆರ್00 ಇದೆಯೆಂಬ ಕಾರಣಕ್ಕೆ ಹೊಸ ಸಂಸ್ಥೆ ನಿಮ್ಮ ಆರಂಭಿಕ ನಿಧಿಯನ್ನು ಕಡಿತ ಮಾಡಬಾರದೆಂಬುದು ಎನ್‌ಐಎಚ್‌ನ ಷರತ್ತು, ಅದನ್ನು ಡೀನ್ ಅವರ ಗಮನಕ್ಕೆ ತನ್ನಿ. ಲೆಕ್ಕವನ್ನೂ ಮುಂದಿಡಿ: ಆರ್00 ವರ್ಷಕ್ಕೆ ಗರಿಷ್ಠ 2,49,000 ಡಾಲರ್‌ನಂತೆ ಮೂರು ವರ್ಷದವರೆಗೆ ಸಿಗುತ್ತದೆ, ಆದರೆ ಪರೋಕ್ಷ ವೆಚ್ಚವೂ ಅದರೊಳಗೇ ಸೇರಿದೆ. ಸಂಸ್ಥೆಯ ಪರೋಕ್ಷ ವೆಚ್ಚದ ದರ 50 ಶೇಕಡಾ ಇದ್ದು ಅದು ಇಡೀ ನೇರ ವೆಚ್ಚಕ್ಕೆ ಅನ್ವಯಿಸಿದರೆ ನಿಮ್ಮ ಪ್ರಯೋಗಾಲಯಕ್ಕೆ ಉಳಿಯುವುದು 1,66,000 ಡಾಲರ್. ನಿಮ್ಮ ಸಂಬಳದ ಪಾಲು, ಒಬ್ಬ ತಂತ್ರಜ್ಞ, ರಾಸಾಯನಿಕಗಳ ಖರ್ಚು ಇಷ್ಟರಲ್ಲೇ ಅದು ಕರಗುತ್ತದೆ, ದೊಡ್ಡ ಸೂಕ್ಷ್ಮದರ್ಶಕಕ್ಕೆ ಉಳಿಯುವುದಿಲ್ಲ.

ಆರ್00 ತಾನಾಗಿ ಬರುವುದಿಲ್ಲ ಎಂಬುದನ್ನೂ ಮರೆಯಬೇಡಿ. ಹೊಸ ಸಂಸ್ಥೆಯ ಮೂಲಕ ಅರ್ಜಿ ಹಾಕಬೇಕು, ಅದನ್ನು ಪ್ರೋಗ್ರಾಮ್ ಸಿಬ್ಬಂದಿ ಪರಿಶೀಲಿಸುತ್ತಾರೆ, ಹೊಸ ಹುದ್ದೆಯಲ್ಲೂ ಸಂಶೋಧನೆಗೆ 75 ಶೇಕಡಾ ಸಮಯ ಮೀಸಲಿರಬೇಕು. ಆದ್ದರಿಂದ ಬೋಧನೆಯ ಹೊರೆಯನ್ನು ಆಹ್ವಾನ ಪತ್ರದಲ್ಲೇ ಅಂಕಿಗಳಲ್ಲಿ ಬರೆಸಿಕೊಳ್ಳಿ. ಪತ್ರಕ್ಕೆ ಸಹಿ ಹಾಕುವ ಮೊದಲು ಅದರ ಕರಡನ್ನು ನಿಮ್ಮ ಪ್ರೋಗ್ರಾಮ್ ಆಫೀಸರ್‌ಗೆ ಕಳುಹಿಸಿ, ಮತ್ತು ಕೆ99 ಮುಗಿಯುವುದಕ್ಕೆ ಕನಿಷ್ಠ ಎರಡು ತಿಂಗಳು ಮುಂಚೆಯೇ ಆರ್00 ಅರ್ಜಿ ಸಲ್ಲಿಕೆಯಾಗಿರುವಂತೆ ಎರಡೂ ಸಂಸ್ಥೆಗಳ ಅನುದಾನ ಕಚೇರಿಗಳನ್ನು ಇಂದೇ ಪರಸ್ಪರ ಪರಿಚಯಿಸಿ.