ಪವರ್ ಸ್ಟೀರಿಂಗ್ ಡಬ್ಬಿಗೆ ಬ್ರೇಕ್ ಆಯಿಲ್ ಬಿದ್ದಿದ್ದರೆ

ಹಳೆ ಇನ್ನೋವಾದ ಪವರ್ ಸ್ಟೀರಿಂಗ್ ಡಬ್ಬಿಗೆ ಬ್ರೇಕ್ ಆಯಿಲ್ ಹಾಕಿ ಊರತನಕ ಓಡಿಸಿದೆ, ಸ್ಟೀರಿಂಗ್ ತಿರುಗಿಸಿದರೆ ಗುಂಯ್ ಅನ್ನುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಓಡಿಸಿದ್ದೀರಿ ಅಂದಮೇಲೆ ಅದು ಡಬ್ಬಿಯಲ್ಲಷ್ಟೇ ಉಳಿದಿಲ್ಲ, ಪಂಪು, ಚಕ್ರ ತಿರುಗಿಸುವ ರ್‍ಯಾಕ್ ಎಲ್ಲ ಸುತ್ತಿ ಬಂದಿದೆ. ತಿರುಗಿಸುವಾಗಿನ ಗುಂಯ್ ಸದ್ದಿಗೂ ಬಹುಶಃ ಅದೇ ಕಾರಣ. ಬ್ರೇಕ್ ಆಯಿಲಿನ ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಎಂಬ ರಾಸಾಯನಿಕದ ಜಾತಿ. ಸ್ಟೀರಿಂಗಿನ ರಬ್ಬರ್ ಸೀಲುಗಳು ಅದರಲ್ಲಿ ಉಬ್ಬಿ ಮೆತ್ತಗಾಗುತ್ತವೆ. ಆಯಿಲ್ ಬದಲಿಸುವತನಕ ಇನ್ನು ಇಂಜಿನ್ ಸ್ಟಾರ್ಟ್ ಮಾಡಬೇಡಿ.

ಮೊದಲು ಡಬ್ಬಿಯಲ್ಲಿರುವುದನ್ನು ದೊಡ್ಡ ಸಿರಿಂಜಿನಿಂದ ಎಳೆದುಬಿಡಿ. ಮುಂದಿನ ಎರಡೂ ಚಕ್ರ ನೆಲ ಬಿಡುವಂತೆ ಎತ್ತಿ ಸ್ಟ್ಯಾಂಡ್ ಕೊಡಿ, ಬರೀ ಜ್ಯಾಕ್ ನಂಬಬೇಡಿ. ಡಬ್ಬಿಗೆ ಎರಡು ಪೈಪು ಇರುತ್ತವೆ. ದಪ್ಪದ್ದು ಸಾಮಾನ್ಯವಾಗಿ ಪಂಪಿಗೆ ಹೋಗುವುದು, ಸಣ್ಣದು ರಿಟರ್ನ್, ಅಂದರೆ ಆಯಿಲ್ ಡಬ್ಬಿಗೆ ವಾಪಸ್ ಬರುವುದು. ಸಣ್ಣದನ್ನು ಬಿಚ್ಚಿ ಬಾಟಲಿಗೆ ಬಿಡಿ, ಡಬ್ಬಿಯ ಆ ಮೂತಿಗೆ ಬಿರಡೆ ಹಾಕಿ. ಹೊಸ ಆಯಿಲ್ ತುಂಬಿ. ನಿಮ್ಮದು ಹಳೆ ಇನ್ನೋವಾ ಆದ್ದರಿಂದ ಡೆಕ್ಸ್‌ರಾನ್ ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಕೆಂಪು ಆಯಿಲ್), ಆದರೂ ಮ್ಯಾನುಯಲ್ ಒಮ್ಮೆ ನೋಡಿ. ಒಬ್ಬರು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸಲಿ, ಇನ್ನೊಬ್ಬರು ಸುರಿಯುತ್ತಿರಲಿ. ಡಬ್ಬಿ ಖಾಲಿಯಾದರೆ ಗಾಳಿ ಹೊಕ್ಕುತ್ತದೆ. ಬಾಟಲಿಗೆ ಶುದ್ಧ ಕೆಂಪು ಬರುವತನಕ ನಿಲ್ಲಿಸಬೇಡಿ. ಸೀಮೆಎಣ್ಣೆ, ಡೀಸೆಲ್ ಹಾಕಿ ತೊಳೆಯಿರಿ ಅನ್ನುವವರು ಸಿಗುತ್ತಾರೆ, ಕೇಳಬೇಡಿ.

ಪೈಪು ಜೋಡಿಸಿ, ಇಂಜಿನ್ ಆಫ್ ಇದ್ದಾಗಲೇ ಇನ್ನೂ ಹತ್ತಿಪ್ಪತ್ತು ಸಲ ತಿರುಗಿಸಿ, ಆಮೇಲೆ ಸ್ಟಾರ್ಟ್. ತುದಿಯಲ್ಲಿ ಒತ್ತಿ ಹಿಡಿಯಬೇಡಿ. ನೊರೆ ಬಂದರೆ ಆಫ್ ಮಾಡಿ, ನೊರೆ ಇಳಿಯಲಿ.

ಸೀಲು ಉಳಿದಿದೆಯೋ ಇಲ್ಲವೋ ಈಗಲೇ ಹೇಳಲಾಗದು. ಒಂದು ವಾರ ಓಡಿಸಿ ಇದನ್ನೇ ಮತ್ತೊಮ್ಮೆ ಮಾಡಿ. ರ್‍ಯಾಕಿನ ರಬ್ಬರ್ ಬೂಟು (ತುದಿಯ ಹೊದಿಕೆ) ಹಿಸುಕಿದಾಗ ಒಳಗೆ ಆಯಿಲ್ ಕುಲುಕಿದರೆ, ಇಲ್ಲವೇ ಪಂಪಿನ ಪುಲ್ಲಿ ಹಿಂದೆ ಜಿನುಗಿದರೆ ಸೀಲ್ ಕಿಟ್ ಹಾಕಿಸಲೇಬೇಕು.