ರೊಟ್ಟಿ ಮುರಿದ ಮೇಲೆ ಏನಾಗುತ್ತದೆ, ಅದನ್ನು ಬರೆಯಿರಿ

ನಮಸ್ಕಾರ.

ಉಜ್ಬೆಕಿಸ್ತಾನದ ಉಜ್ಬೆಕ್ ಮತ್ತು ಕರಕಲ್ಪಾಕ್ ಜನರ ಮದುವೆಗಳ ಊಟದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ರೊಟ್ಟಿ ಅಂದರೆ ಸಮೃದ್ಧಿ, ಜೇನು ಅಂದರೆ ಸಿಹಿಯಾದ ಬಾಳು, ಅನ್ನ ಅಂದರೆ ಸಂತಾನ. ಹೀಗೆ ಪ್ರತಿ ತಿನಿಸಿಗೂ ಒಂದು ಅರ್ಥ ಅಂಟಿಸಿ ಮುಂದೆ ಹೋಗಿದ್ದೀರಿ. ಇದನ್ನು ಯಾವ ದೇಶದ ಮದುವೆಗೂ ಬರೆಯಬಹುದು, ಅಲ್ವಾ? ಓದುಗನಿಗೆ ಬೇಕಾದ್ದು ಆ ತಿನಿಸು ಅಲ್ಲಿ ಯಾವ ಕೆಲಸ ಮಾಡುತ್ತದೆ ಅನ್ನೋದು.

'ನೋನ್ ಸಿಂದಿರಿಶ್' ಅನ್ನು ನೀವು 'ರೊಟ್ಟಿ ಮುರಿಯುವ ಸುಂದರ ಆಚರಣೆ' ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಲೇಖನದ ಜೀವ ಅಲ್ಲೇ ಇತ್ತು! ಗಂಡಿನ ಕಡೆಯ 'ಸೋವ್ಚಿ'ಗಳು, ಅಂದರೆ ಹೆಣ್ಣು ಕೇಳಲು ಬರುವವರು, ಹೆಣ್ಣಿನ ಮನೆಗೆ ಬರುತ್ತಾರೆ. ಮಾತು ಕೂಡಿಬಂದರೆ ದಸ್ತರ್ಖಾನಿನ (ಊಟಕ್ಕೆ ಹಾಸುವ ಬಟ್ಟೆಯ) ಮುಂದೆ ಹಿರಿಯರು ರೊಟ್ಟಿ ಮುರಿಯುತ್ತಾರೆ, ತುಂಡುಗಳನ್ನು ಹಂಚುತ್ತಾರೆ. ಅಲ್ಲಿಗೆ ಹುಡುಗಿ ನಿಶ್ಚಯವಾದವಳು. ಆಮೇಲೆ ಮಾತು ತಪ್ಪಿದರೆ ಇಡೀ ಮನೆತನದ ಮರ್ಯಾದೆ ಹೋದಂತೆ. ರೊಟ್ಟಿಗೆ ಇಷ್ಟು ತೂಕ ಎಲ್ಲಿಂದ ಬಂತು? ಅವರು ಅದನ್ನು ಬೋರಲಾಗಿ ಇಡುವುದಿಲ್ಲ, ಚಾಕುವಿನಿಂದ ಕತ್ತರಿಸುವುದಿಲ್ಲ. ಸೈನ್ಯಕ್ಕೆ ಹೊರಟ ಮಗ ಒಂದು ತುತ್ತು ಕಚ್ಚಿ ಹೋದರೆ, ಉಳಿದ ರೊಟ್ಟಿಯನ್ನು ಅವನು ಬರುವವರೆಗೆ ಮನೆಯಲ್ಲಿ ಕಾದಿಡುತ್ತಾರೆ. ಇಷ್ಟನ್ನು ಮೊದಲೇ ಹೇಳಿದರೆ ಸಾಕು, ಅರ್ಥ ವಿವರಿಸುವ ಕಷ್ಟ ನಿಮಗಿರುವುದಿಲ್ಲ.

ಓಶ್, ಅಂದರೆ ಅನ್ನ, ಮಾಂಸ, ಗಜ್ಜರಿಯ ಪಲೋವ್‌ನ ಭಾಗದಲ್ಲಿ ಅರ್ಧ ಪುಟ ಯುನೆಸ್ಕೋಗೆ ಹೋಗಿದೆ. ಅದು 2016ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು, ಸರಿ, ಒಂದು ವಾಕ್ಯ ಸಾಕು. ಬೆಳಗಿನ ಓಶ್ ಬಗ್ಗೆ ಯಾಕೆ ಮಾತೇ ಇಲ್ಲ? ಹಿಂದಿನ ಸಂಜೆ ನೆರೆಹೊರೆಯವರು ಸೇರಿ ರಾಶಿ ರಾಶಿ ಗಜ್ಜರಿ ಹೆಚ್ಚುತ್ತಾರೆ. ರಾತ್ರಿಯೇ ದೊಡ್ಡ ಕಜಾನ್ ಎಂಬ ಕಡಾಯಿಯ ಕೆಳಗೆ ಬೆಂಕಿ ಬೀಳುತ್ತದೆ. ನಸುಕಿನ ನಮಾಜ್ ಮುಗಿಸಿ ಗಂಡಸರು ಬಂದು ಕೂರುತ್ತಾರೆ, ದುವಾ (ಪ್ರಾರ್ಥನೆ) ಮಾಡುತ್ತಾರೆ, ತಿಂದು ಬೇಗ ಏಳುತ್ತಾರೆ, ಮುಂದಿನ ಪಂಕ್ತಿಗೆ ಜಾಗ ಬಿಡುತ್ತಾರೆ. ಮಹಲ್ಲಾದ, ಅಂದರೆ ಆ ಕೇರಿಯ, ಮನೆಗಳೆಲ್ಲ ಈ ಮದುವೆಯನ್ನು ಒಪ್ಪಿದ್ದು ಆ ಊಟದಲ್ಲಿ ಕಾಣುತ್ತದೆ. ಯಾರನ್ನೂ ಬಿಡುವಂತಿಲ್ಲ, ಹಾಗಾಗಿ ಖರ್ಚು ಜಾಸ್ತಿ. ಮದುವೆಗೆ ಸಾಲ ಮಾಡಿ ರಷ್ಯಾಗೆ ದುಡಿಯಲು ಹೋಗುವವರಿದ್ದಾರೆ. 2019ರಲ್ಲಿ ಉಜ್ಬೆಕಿಸ್ತಾನದ ಸಂಸತ್ತೇ ಅತಿಥಿಗಳ ಸಂಖ್ಯೆಗೆ ಮಿತಿ ಹಾಕುವ ನಿರ್ಣಯ ಮಾಡಿತು. ನಿಮ್ಮ ಲೇಖನದಲ್ಲಿ ಮಾತ್ರ ಎಲ್ಲರೂ ಸುಮ್ನೆ ಖುಷಿಯಾಗಿದ್ದಾರೆ.

ಇನ್ನು ಕರಕಲ್ಪಾಕರು. ಅವರನ್ನು ಶೀರ್ಷಿಕೆಯಲ್ಲಿ ಕರೆದು ಒಳಗೆ ಊಟಕ್ಕೇ ಕೂರಿಸಿಲ್ಲ. 'ಕರಕಲ್ಪಾಕರಲ್ಲೂ ಹೀಗೆಯೇ' ಎಂಬ ಸಾಲು ಹೊಡೆದುಹಾಕಿ. ಅವರ ಭಾಷೆ ಉಜ್ಬೆಕ್‌ಗಿಂತ ಕಝಕ್‌ಗೆ ಹತ್ತಿರ. ಉಜ್ಬೆಕಿಸ್ತಾನದೊಳಗೇ ನುಕುಸ್ ರಾಜಧಾನಿಯಾಗಿ ಅವರದೇ ಸ್ವಾಯತ್ತ ಗಣರಾಜ್ಯವಿದೆ. ತಮ್ಮ ಕುಲದೊಳಗೆ ಮದುವೆಯಾಗದಿರುವುದು ಅವರ ಹಳೆಯ ಕಟ್ಟುಪಾಡು. ಉಜ್ಬೆಕರಲ್ಲಿ ಹತ್ತಿರದ ನೆಂಟರೊಳಗೂ ಸಂಬಂಧ ಬೆಳೆಸುವುದುಂಟು. ಅಂದಮೇಲೆ ಕರಕಲ್ಪಾಕ್ ಬೀಗರ ಊಟದಲ್ಲಿ ಎರಡು ಬೇರೆ ಕುಲಗಳು ಎದುರುಬದುರು ಕೂತಿರುತ್ತವೆ. ಮಾಂಸದ ಯಾವ ತುಂಡು ಯಾರ ಮುಂದೆ ಬರುತ್ತದೆ? ಕೇಳಿ ತಿಳಿದು ಬರೆಯಿರಿ. 'ಬೆತಾಶಾರ್'ನಲ್ಲಿ ಹಾಡುತ್ತಾ ವಧುವಿನ ಮುಖ ತೆರೆಸಿ ಗಂಡನ ಕಡೆಯವರನ್ನು ಪರಿಚಯಿಸುವುದನ್ನೂ ಸೇರಿಸಿ.

ನಮ್ಮ ಓಬಟ್ಟು, ಚಿರೋಟಿಯ ಹೋಲಿಕೆ ಪೂರ್ತಿ ತೆಗೆಯಿರಿ, ಅಲ್ಲಿ ಯಾವ ನಂಟೂ ಇಲ್ಲ. ನಿಜವಾದ ನಂಟು ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಕರಕಲ್ಪಾಕರ 'ಜುವೆರಿ ಗುರ್ತಿಕ್' ಅನ್ನು ಜೋಳದ ಹಿಟ್ಟು ನಾದಿ, ಮಾಂಸದ ಸಾರಿನಲ್ಲಿ ಬೇಯಿಸಿ ಮಾಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಓದುಗರಿಗೆ ಆ ಒಂದು ಸಾಲು ಸಾಕು. ಜೊತೆಗೆ ಕರಕಲ್ಪಾಕರ ಊರು ಮೊಯ್ನಾಕ್. ಒಂದು ಕಾಲಕ್ಕೆ ಮೀನಿನ ಬಂದರು, ಅರಲ್ ಸಮುದ್ರ ಬತ್ತಿದ ಮೇಲೆ ದಡವೇ ದೂರ ಸರಿಯಿತು. ಅಲ್ಲಿನ ಮದುವೆ ಊಟದಿಂದ ಏನು ಮಾಯವಾಯಿತು ಎಂದು ಅಲ್ಲಿಯ ಯಾರನ್ನಾದರೂ ಕೇಳಿದ್ದೀರಾ?

ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಕರಕಲ್ಪಾಕ್ ಭಾಗ ಬೆಳೆದರೆ ಅದನ್ನೇ ಬೇರೆ ಲೇಖನ ಮಾಡಿ. ಅಂದ ಹಾಗೆ, 'ಸಮರ್ಕಂದದ ಓಶ್' ಎಂದು ಕಳಿಸಿದ ಫೋಟೋ ಬದಲಿಸಿ. ಸಮರ್ಕಂದದಲ್ಲಿ ಅನ್ನ, ಗಜ್ಜರಿ, ಮಾಂಸವನ್ನು ಕಲಸದೆ ಪದರ ಪದರವಾಗಿ ಬಡಿಸುತ್ತಾರೆ. ನಿಮ್ಮ ಫೋಟೋದಲ್ಲಿ ಎಲ್ಲ ಕಲಸಿದೆ, ಕಡಲೆ, ಒಣದ್ರಾಕ್ಷಿಯೂ ಇವೆ. ಅದು ತಾಷ್ಕೆಂಟ್ ಮದುವೆಯ ಓಶ್ ಇರಬೇಕು.